ಹಿಮ್ಮಡಿಯ ಗುರುತು

ಎರ್ಮೊಸಿಯೊ, ಜುಲೈ. ನಲವತ್ತಾರು ಡಿಗ್ರಿ.
ಸ್ಪ್ಯಾನರನ್ನು ಬಕೆಟ್ಟಿನಲ್ಲಿ ಅದ್ದಿಯೇ ಮುಟ್ಟಬೇಕು;
ಬಕೆಟ್ಟಿನ ನೀರೂ
ಯಾರೋ ಸ್ನಾನಕ್ಕೆ ಕಾಯಿಸಿಟ್ಟ ಹಾಗೆ.

ಡಾನ್ ಎವರಿಸ್ತೋ ಬಂದ. ಎಂಬತ್ತೊಂಬತ್ತರ ತ್ಸುರು,
ಒಂದು ಕಾಲದ ಟ್ಯಾಕ್ಸಿ. ಬಿಳಿಯ ಕೆಳಗೆ ಹಳದಿ,
ಹಳದಿಯ ಕೆಳಗೆ ತುಕ್ಕು.
ಅಂಗಿ ಬೆನ್ನಿಗೆ ಅಂಟಿತ್ತು, ಬೆನ್ನು ಸೀಟಿಗೆ.
ಇಳಿಯುವಾಗ ಪರ್ರೆಂದಿತು.

"ಗಾಳಿ ಬರ್ತಿಲ್ಲ, ನೊಹೆಮಿ."
ಎಂದಿನಿಂದ?
"ಮಾರ್ಚಿಯಿಂದ."
ಮಾರ್ಚಿಯಿಂದ ಈ ಹಂಚಿನ ಮೇಲೆ ರೊಟ್ಟಿಯ ಹಾಗೆ ತಿರುಗಾಡಿದ್ದಾನೆ,
ಯಾಕೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.
ಗಂಡಸರು ಕಾರಿನ ಕಾಯಿಲೆಯನ್ನೂ ಅರ್ಧವೇ ಹೇಳುತ್ತಾರೆ.

ಬಾನೆಟ್ ಎತ್ತಿದೆ. ಸ್ವಿಚ್ ಒತ್ತಿದರೆ ಟಕ್ ಎಂದು
ಕಂಪ್ರೆಸರ್ ಹಿಡಿಯುತ್ತದೆ, ಪೈಪು ಬೆವರುತ್ತದೆ.
ತಂಪು ತಯಾರಾಗಿ ಕೂತಿದೆ,
ಹೊತ್ತು ತರುವವರಿಲ್ಲ.

ಫ್ಯೂಸಿನ ಜಾಗದಲ್ಲಿ ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ.
ಯಾವ ಪುಣ್ಯಾತ್ಮನ ಕೆಲಸ ಎಂದೆ.
ಆತ ತಗಡಿನ ಮಾಡು ನೋಡಿದ.

ಮೀಟರು ಹನ್ನೆರಡು ಅಂದಿತು. ನಾನು ನಂಬುವವಳಲ್ಲ;
ಒಂದೇ ಎಳೆ ಉಳಿದ ತಂತಿಯೂ ಹನ್ನೆರಡು ಅನ್ನುತ್ತದೆ,
ಹೊರೆ ಹೊರಿಸಿದಾಗಲೇ ಅದರ ಬಂಡವಾಳ ಬಯಲು.
ಹಳೆಯ ಹೆಡ್‌ಲೈಟ್ ಬಲ್ಬನ್ನು ತುದಿಗೆ ಕಟ್ಟಿದೆ.
ಉರಿಯಿತು, ಕಣ್ಣು ಕುಕ್ಕುವಷ್ಟು.
ತಂತಿಯದೇನೂ ತಪ್ಪಿಲ್ಲ. ನೆಲದ ತಂತಿಯದೂ ಇಲ್ಲ.

ಆಮೇಲೆ ಬಲಗಡೆ ಸೀಟಿನ ಮುಂದೆ ಮಂಡಿಯೂರಿ
ಕೈಪೆಟ್ಟಿಗೆಯಡಿ ತಲೆ ತೂರಿಸಿದೆ.
ಮೋಟಾರಿನ ಕವಚದ ಹತ್ತಿರ ಪ್ಲಾಸ್ಟಿಕ್ಕು ಕುಳಿ ಬಿದ್ದಿತ್ತು,
ಅರ್ಧಚಂದ್ರ, ಸವೆದು ನುಣುಪಾಗಿ.
ಸ್ಕ್ರೂಡ್ರೈವರಿನ ಹಿಡಿಯಿಂದ ಅಲ್ಲೇ ಒಂದು ಕುಟ್ಟಿದೆ.
ಫ್ಯಾನು ಕೆಮ್ಮಿ ಎದ್ದು
ನಾಲ್ಕು ತಿಂಗಳ ಧೂಳನ್ನು ನನ್ನ ಮುಖಕ್ಕೆ ಉಗುಳಿತು.

"ಅಲ್ಲೇ," ಅಂದ ಹಿಂದಿನಿಂದ. "ಅಲ್ಲೇ ಒದೀತಿದ್ದಳು ಕೂಕಾ."

ಹನ್ನೊಂದು ಬೇಸಿಗೆ. ಮಾತು ನಿಲ್ಲಿಸದೆ,
ಕೆಳಗೆ ನೋಡದೆ, ಚಪ್ಪಲಿಯ ಹಿಮ್ಮಡಿಯಿಂದ.
ಒಂದು ಒದೆತಕ್ಕೆ ಕಥೆಡ್ರಲ್ಲಿನವರೆಗೆ,
ಎರಡಕ್ಕೆ ಕೀನೋದ ಸಮುದ್ರದವರೆಗೆ.
"ನಾನು ಎಡಗಡೆ ಕೂರೋನು. ನನ್ನ ಕಾಲು ಅಲ್ಲಿಗೆ ಮುಟ್ಟೋದಿಲ್ಲ."

ನಾನು ತಲೆ ಹೊರಗೆ ತೆಗೆಯಲಿಲ್ಲ.
ಮೂರು ಸ್ಕ್ರೂ ಇದ್ದವು, ಬಿಚ್ಚಿದೆ;
ನಾಲ್ಕನೆಯದನ್ನು ಹುಡುಕುವವಳ ಹಾಗೆ ಅಲ್ಲೇ ಇದ್ದೆ.

ಕಾರ್ಬನ್ ಬ್ರಷ್ಷು ಸವೆದು ಕಡಲೆ ಕಾಳಿನಷ್ಟಾಗಿತ್ತು,
ತಾಮ್ರವನ್ನು ಮುಟ್ಟಿಯೂ ಮುಟ್ಟದ ಹಾಗೆ.
ಒಂದು ಅದುರು ಬೇಕಿತ್ತು ಅದಕ್ಕೆ, ತಾಗಲು.
ಇಷ್ಟೇ ರೋಗ. ಯಾರೂ ಬಿಚ್ಚಿ ನೋಡಿರಲಿಲ್ಲ,
ಒದ್ದರೆ ಓಡುತ್ತಿತ್ತಲ್ಲ.

ಫ್ಯಾನಿನ ರೆಕ್ಕೆಗಳಲ್ಲಿ ಮೆಸ್ಕೀಟ್ ಮರದ ಎಲೆ,
ಅದರ ಜೊತೆ ಕುಂಬಳ ಬೀಜದ ಸಿಪ್ಪೆ, ಬೊಗಸೆ ತುಂಬ.
ಅಂಗೈಯಲ್ಲಿ ತೋರಿಸಿದೆ.
"ಬಯ್ದಿದ್ದೆ," ಅಂದ. "ಡ್ಯಾಶಿನ ಮೇಲೆ ಉಗೀಬೇಡ ಅಂತ
ಎಷ್ಟು ಸಲ ಬಯ್ದಿದ್ದೆ."
ಇಸ್ಕೊಳ್ಳಲಿಲ್ಲ. ಎಸೆ ಎನ್ನಲೂ ಇಲ್ಲ.

ಉಲಿಸೆಸ್ ಬಟ್ಟೆ ಒಗೆಯುವ ಮೆಷಿನ್ನಿನ ಬ್ರಷ್ಷು ಹುಡುಕಿ ತಂದ,
ಅರದಿಂದ ತಿಕ್ಕಿ ತಿಕ್ಕಿ ಅಳತೆಗೆ ತಂದ.
ಮೂವತ್ತು ಆಂಪಿನ ನಿಜವಾದ ಫ್ಯೂಸು ಹಾಕಿದೆ.
ಮುನ್ನೂರ ಐವತ್ತು ಪೆಸೊ.
ಚೌಕಾಸಿ ಮಾಡದೆ ಎಣಿಸಿಕೊಟ್ಟ; ಅದು ಅವನ ಸ್ವಭಾವವಲ್ಲ.

ಓಡಿಸಿ ನೋಡೋಣ ಅಂತ ಹೊರಟೆವು, ನಾನು ಬಲಗಡೆ.
ಮೊದಲ ವೇಗ ಸರಿ, ಎರಡನೆಯದು ಸರಿ.
ಮೂರನೆಯದರ ಸುರುಳಿ ಎಂದೋ ತುಂಡಾಗಿತ್ತು,
ಬದಲಿಸಲೇ ಎಂದರೆ ಕೈಯಾಡಿಸಿಬಿಟ್ಟ.
ನಾಲ್ಕಕ್ಕೆ ತಿರುಗಿಸಿದ. ಗಾಳಿ ಬಂತು,
ಅಂಗಿ ಮೈಯಿಂದ ಬಿಟ್ಟುಕೊಂಡಿತು.

ಸಿಗ್ನಲ್ಲಿನಲ್ಲಿ ನಿಂತೆವು. ಕೆಂಪು ದೀಪ
ಬಿಸಿಲಿಗೆ ನಾಚಿದಂತೆ ಮಂಕಾಗಿತ್ತು.
ಫ್ಯಾನು ಒಂದೇ ಸಮನೆ, ತಡವರಿಸದೆ.
ಆತ ನೇರ ಮುಂದೆ ನೋಡುತ್ತಿದ್ದ,
ಕಿವಿ ಮಾತ್ರ ಈಚೆ ಇಟ್ಟು.

ಏನಾಯಿತೋ ನನಗೆ. ಬೂಟಿನ ಹಿಮ್ಮಡಿ ಎತ್ತಿ
ಆ ಕುಳಿಗೆ ಮೆಲ್ಲಗೆ ಒಂದು ಕೊಟ್ಟೆ.

ಹಸಿರು ಬಿದ್ದು ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು.